ದಾರಿಯಲ್ಲಿ ಕಳೆದ ಗಂಟು

ಮನೆಯ ಕಾಗದಪತ್ರಗಳನ್ನು ಜೋಪಾನಮಾಡುವ ವಿಷಯವಾಗಿ ಈ ಅಂಕಣದಲ್ಲಿ ಹಿಂದೊಮ್ಮೆ ನಾಲ್ಕು ಮಾತು ಬರೆದಿದ್ದೆವು. ಈ ತಿಂಗಳು ಬರೆಯಹೊರಟಿರುವುದೂ ಒಂದು ಕಾಗದದ ವಿಷಯವೇ. ಆದರೆ ಇದು ಅಂಗೈಯಗಲದ ಕಾಗದ. ಪಾರ್ಸಲು ಕಳುಹಿಸುವಾಗ ಅಂಗಡಿಯವನು ಹರಿದು ಕೈಗೆ ಕೊಡತಕ್ಕ ರಸೀದಿ. ಅದರಲ್ಲಿ ಒಳಗಿನ ವಸ್ತುವಿನ ಬೆಲೆಯನ್ನು ಬರೆಯುವುದಕ್ಕೆಂದು ಒಂದು ಮನೆಯಿರುತ್ತದೆ. ಆ ಮನೆಯನ್ನು ನಾವು ಹೇಗೆ ತುಂಬಿದೆವು, ಅದರಿಂದ ಏನಾಯಿತು ಎಂಬುದನ್ನು ನಾಚಿಕೆಯನ್ನು ಬದಿಗಿಟ್ಟು ಹೇಳಿಬಿಡುತ್ತೇವೆ. ಓದಿದವರಲ್ಲಿ ಹತ್ತು ಮಂದಿಗಾದರೂ ಪ್ರಯೋಜನವಾದೀತು.

ನಮ್ಮ ತಂಗಿಯ ಮಗಳು ಧಾರವಾಡದಲ್ಲಿ ನಮ್ಮ ಮನೆಯಿಂದ ಎರಡು ಓಣಿಗಳಾಚೆ ಇದ್ದಾಳೆ. ಗಂಡ ತೀರಿಕೊಂಡು ಆರು ವರ್ಷಗಳಾದವು. ಶಾಲೆಗೆ ಹೋಗುವ ಮಗನೊಬ್ಬನಿದ್ದಾನೆ. ಇಳಕಲ್ಲ ಸೀರೆಗಳ ಮೇಲೆ ಕಸೂತಿ ಹಾಕಿ ಮಾರುವುದೇ ಆಕೆಯ ಜೀವನೋಪಾಯ. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳೂ ಆಕೆಗೆ ಕರತಲಾಮಲಕ. ಕಸೂತಿಯ ಕಷ್ಟ ಬಲ್ಲವರೇ ಬಲ್ಲರು. ಬಟ್ಟೆಯ ಮೇಲೆ ಮೊದಲೇ ಗೆರೆ ಬರೆದುಕೊಳ್ಳುವಂತಿಲ್ಲ, ದಾರಕ್ಕೆ ಗಂಟು ಹಾಕುವಂತಿಲ್ಲ. ಎಳೆಗಳನ್ನು ಎಣಿಸಿಯೇ ಸೂಜಿಯನ್ನು ಏರಿಳಿಸಬೇಕು. ಆಕೆ ತನ್ನ ಕೆಲಸದ ಚಿತ್ರಗಳನ್ನು ಮೊಬೈಲಿನಲ್ಲಿ ಹಾಕುತ್ತಾಳೆ. ಬೇಕಾದವರು ಅಲ್ಲಿಯೇ ನೋಡಿ, ಮಾತಾಡಿ, ಹಣವನ್ನೂ ಅಲ್ಲಿಯೇ ಕಳುಹಿಸುತ್ತಾರೆ. ಅಂಗಡಿಯಿಲ್ಲ, ದಲ್ಲಾಳಿಯಿಲ್ಲ. ಹೀಗೆ ಪುಣೆಯಲ್ಲಿ ನೆಲಸಿರುವ ಕನ್ನಡದ ಕುಟುಂಬವೊಂದು ಮಗಳ ಮದುವೆಗೆಂದು ಒಂದು ಸೀರೆಯನ್ನು ಹೇಳಿತು. ಸೆರಗಿನ ತುಂಬ ಗೋಪುರ, ತೇರು, ಆನೆಯಂಬಾರಿ. ಎರಡು ತಿಂಗಳ ಕೆಲಸ. ಬೆಲೆ 9,000 ರೂಪಾಯಿ. ಹಣ ಮುಂಗಡವಾಗಿಯೇ ಬಂದಿತ್ತು.

ಪಾರ್ಸಲನ್ನು ಒಂದು ಕೊರಿಯರು ಅಂಗಡಿಗೆ ಒಯ್ಯುವಾಗ ಆಕೆಯೊಡನೆ ನಾವೂ ಹೋದೆವು. ಅಲ್ಲಿದ್ದ ಹುಡುಗ ತೂಕಮಾಡಿ, ಲೇಖನಿಯನ್ನೆತ್ತಿಕೊಂಡು, "ಬೆಲಿ ಜಾಸ್ತಿ ಬರದ್ರ ಇನ್ಶೂರನ್ಸು ಹಿಡೀಬೇಕಾಗ್ತೈತ್ರಿ ಸರ, ಇನ್ನೂರಾ ಎಪ್ಪತ್ತು ರೂಪಾಯಿ ಹೆಚ್ಚಾಗ್ತೈತಿ. ಎಷ್ಟಂತ ಬರೀಲಿ?" ಎಂದು ಕೇಳಿದನು. ಸೊಸೆ ನಮ್ಮ ಮುಖವನ್ನು ನೋಡಿದಳು. ನಾವು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳ ತಪ್ಪೊಪ್ಪುಗಳನ್ನು ಕೆಂಪು ಮಸಿಯಲ್ಲಿ ತಿದ್ದಿದವರು. ಲೋಕವ್ಯವಹಾರವೆಲ್ಲ ತಿಳಿದಿದೆಯೆಂಬ ಜಂಬ ನಮಗೂ ಉಂಟು. "ಐದುನೂರು ಎಂದು ಬರೆಯಪ್ಪ, ಯಾತಕ್ಕೆ ವೃಥಾ ಖರ್ಚು" ಎಂದೆವು. ಹುಡುಗ ಹಾಗೆಯೇ ಬರೆದನು. ರಸೀದಿಯ ಬೆನ್ನಿನ ಮೇಲೆ ಇರುವೆಯ ಸಾಲಿನಂತೆ ಅಚ್ಚಾಗಿದ್ದ ಕರಾರುಗಳನ್ನು ನಾವು ಓದಲಿಲ್ಲ.

ಆ ಪಾರ್ಸಲು ಪುಣೆಯನ್ನು ಸೇರಲಿಲ್ಲ. ಹನ್ನೊಂದು ದಿವಸಗಳವರೆಗೆ ಮೊಬೈಲು ಒಂದೇ ಊರಿನ ಹೆಸರನ್ನು ತೋರಿಸುತ್ತಿದ್ದು, ಆಮೇಲೆ ಅದನ್ನೂ ತೋರಿಸದಾಯಿತು. ಅಂಗಡಿಗೆ ಹೋದರೆ 'ನಾಳೆ ಬನ್ನಿ'. ನಾಳೆ ಹೋದರೆ 'ಮೇಲಿನವರಿಗೆ ತಿಳಿಸಿದ್ದೇವೆ'. ಅತ್ತ ಮದುವೆಯ ದಿನ ಹತ್ತಿರ ಬಂದಿತು. ವಧುವಿನ ತಾಯಿ ಕಟುವಾಗಿ ಮಾತಾಡಲಿಲ್ಲವಂತೆ; "ನಮ್ಮ ಹುಡುಗಿಗೆ ಏನು ಹೇಳಲಿ?" ಎಂದಷ್ಟೇ ಕೇಳಿದರಂತೆ. ಸೊಸೆ ಅಂದಿನ ರಾತ್ರಿಯೇ 9,000 ರೂಪಾಯಿಗಳನ್ನು ಹಿಂದಕ್ಕೆ ಕಳುಹಿಸಿಬಿಟ್ಟಳು. ಆ ಹಣದಲ್ಲಿ ಅರ್ಧ ಮಗನ ಶಾಲೆಯ ಶುಲ್ಕಕ್ಕೆಂದು ತೆಗೆದಿಟ್ಟಿದ್ದುದು. ತಿಂಗಳು ಕಳೆದ ಮೇಲೆ ಕೊರಿಯರಿನವರ ಉತ್ತರ ಬಂದಿತು: ಪಾರ್ಸಲು ಕಳೆದಿರುವುದು ನಿಜ, ರಸೀದಿಯಲ್ಲಿ ಬರೆದ ಬೆಲೆಯಂತೆ 500 ರೂಪಾಯಿ ಕೊಡಲಾಗುವುದು.

ಮಧ್ಯಾಹ್ನದ ಕಾವು ತಲೆಗೇರಿದವರಂತೆ ನಾವು ಅಂದು ಕೂಗಾಡಿದೆವು. ವಕೀಲನಾಗಿರುವ ನಮ್ಮ ಹಳೆಯ ಶಿಷ್ಯನ ಮನೆಗೆ ಕಾಗದಗಳನ್ನು ಹಿಡಿದುಕೊಂಡು ಹೋದೆವು. ಆತ ಎಲ್ಲವನ್ನೂ ತಾಳ್ಮೆಯಿಂದ ಓದಿ, "ಗುರುಗಳ, ಐದುನೂರು ಅಂತ ಬರಿಸಿದವರು ಯಾರು ಅಂತ ಅವರು ಮೊದಲನೇ ಪ್ರಶ್ನಿ ಕೇಳ್ತಾರ. ಏನು ಹೇಳೂಣು?" ಎಂದನು. ನಮ್ಮಲ್ಲಿ ಉತ್ತರವಿರಲಿಲ್ಲ.

ವಾಚಕರೇ, ಸಾಗಿಸುವವನ ಹೊಣೆಯೆಂಬುದು ನಿನ್ನೆ ಮೊನ್ನೆ ಹುಟ್ಟಿದ ಮಾತಲ್ಲ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಇದಕ್ಕೆ ಸ್ಪಷ್ಟವಾದ ವಿಧಿಯುಂಟು. ರಾಜನಿಂದಾಗಲಿ ದೈವದಿಂದಾಗಲಿ ಅಲ್ಲದೆ ಸರಕು ನಷ್ಟವಾದರೆ, ಹೊತ್ತವನೇ ಅದನ್ನು ತೆರತಕ್ಕದ್ದು ಎಂದು ಅದರ ತಾತ್ಪರ್ಯ. ನಾರದಸ್ಮೃತಿಯ ಅಭಿಪ್ರಾಯವೂ ಇದೇ. ಈ ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ನಾಡಿನ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನೆಂಬುದು ನಮಗೆ ಹೆಮ್ಮೆಯ ಸಂಗತಿ. ಹಾಗೆಂದು ಆ ಮಹನೀಯನ ಹೆಸರನ್ನು ಕೊರಿಯರಿನ ಹುಡುಗನ ಮುಂದೆ ನಾವು ಎತ್ತಲಿಲ್ಲ.

ಈಗ ನಡೆಯುತ್ತಿರುವ ಕಾಯಿದೆಯೂ ಈ ಹಳೆಯ ನ್ಯಾಯವನ್ನು ಬಹುಮಟ್ಟಿಗೆ ಒಪ್ಪಿಕೊಂಡಿದೆ. 1865ರ ಸಾಗಣೆದಾರರ ಕಾಯಿದೆಯ ಸ್ಥಾನದಲ್ಲಿ 2007ರ ರಸ್ತೆ ಸಾಗಣೆ ಕಾಯಿದೆ ಬಂದು, 2011ರಿಂದ ಜಾರಿಯಲ್ಲಿದೆ. ಮನೆಯಿಂದ ಮನೆಗೆ ಮುಟ್ಟಿಸುವ ಕೊರಿಯರಿನವರೂ ಇದರ ಕೆಳಗೆ ಬರುತ್ತಾರೆ. ಸರಕಾರ ಮಾತ್ರ ಹೊರತು. ದೈವಕೃತವಾದ ಉತ್ಪಾತ, ಯುದ್ಧ, ದಂಗೆ, ಸರಕಾರದ ತಡೆ ಮೊದಲಾದವುಗಳಿಂದಾದ ನಷ್ಟಕ್ಕೆ ಸಾಗಣೆದಾರನು ಹೊಣೆಯಲ್ಲ. ರಾಜ-ದೈವಗಳೆಂಬ ಆ ಎರಡು ಮಾತುಗಳೇ ಇಲ್ಲಿ ಬಿಡಿಬಿಡಿಯಾಗಿ ನಿಂತಿವೆ. ಮಾಲು ಕಳೆದರೆ ಸಾಗಣೆದಾರನ ಅಜಾಗರೂಕತೆಯನ್ನು ರುಜುವಾತುಮಾಡುವ ಭಾರವೂ ಕಳುಹಿಸಿದವನ ಮೇಲಿಲ್ಲ. ಇಷ್ಟು ಅನುಕೂಲವಿದ್ದೂ ನಾವು ಸೋತದ್ದು ಎಲ್ಲಿ? ಅದೇ ಕಾಯಿದೆಯ ಇನ್ನೊಂದು ಮಾತಿನಲ್ಲಿ. ಕಳುಹಿಸುವವನು ವಸ್ತುವಿನ ಬೆಲೆಯನ್ನು ಬರೆದು ತಿಳಿಸತಕ್ಕದ್ದು; ಬರೆದುದರ ಸತ್ಯತೆಗೆ ಅವನೇ ಹೊಣೆ. ಹೆಚ್ಚಿನ ಜವಾಬ್ದಾರಿಗೆ ಹೆಚ್ಚಿನ ದರವನ್ನು ಕೊಡಲು ಒಪ್ಪಿದ್ದ ಹೊರತು, ಸಾಗಣೆದಾರನ ಹೊಣೆಗೆ ಒಂದು ಮಿತಿಯುಂಟು.

ರಸೀದಿಯ ಬೆನ್ನಿನ ಕರಾರನ್ನು ಯಾರು ಓದುತ್ತಾರೆ, ಅದು ನಮ್ಮನ್ನು ಕಟ್ಟಿಹಾಕೀತೇ ಎಂದು ಕೆಲವರು ಕೇಳಬಹುದು. ಕಟ್ಟಿಹಾಕುತ್ತದೆ. ಜರ್ಮನಿಗೆ ಕಳುಹಿಸಿದ ಕಾಗದಪತ್ರಗಳು ತಲುಪದೆ, ಉಡುಪಿನ ವ್ಯಾಪಾರಸಂಸ್ಥೆಯೊಂದು ಲಕ್ಷಗಟ್ಟಲೆ ನಷ್ಟವಾಯಿತೆಂದು ಮೊರೆಯಿಟ್ಟಾಗ, ಸಹಿಮಾಡಿದ ಕರಾರಿನಲ್ಲಿ ಇದ್ದಂತೆ ನೂರು ಡಾಲರಿನಷ್ಟೇ ಪರಿಹಾರವೆಂಬುದನ್ನು ಸುಪ್ರೀಂ ಕೋರ್ಟು 1996ರಲ್ಲಿ ಎತ್ತಿಹಿಡಿಯಿತು. ಓದದೆ ಸಹಿಮಾಡಿದೆನೆಂಬುದು ನೆಪವಾಗಬಹುದು, ವಾದವಾಗಲಾರದು.

ಅಂಚೆಯ ಮೂಲಕ ಕಳುಹಿಸುವವರು ಇನ್ನೊಂದನ್ನು ತಿಳಿದಿರಬೇಕು. 1898ರ ಅಂಚೆ ಕಾಯಿದೆಯ ಆರನೆಯ ಕಲಮು, ತಾನಾಗಿ ಒಪ್ಪಿಕೊಂಡ ಹೊಣೆಯ ಹೊರತು ಸರಕಾರಕ್ಕೆ ಬೇರೆ ಹೊಣೆಯಿಲ್ಲವೆಂದು ಸಾರುತ್ತಿತ್ತು. 2024ರ ಜೂನ್ 18ರಿಂದ ಜಾರಿಗೆ ಬಂದಿರುವ 2023ರ ಹೊಸ ಕಾಯಿದೆಯೂ ನಿಯಮಗಳಲ್ಲಿ ಗೊತ್ತುಪಡಿಸಿದಷ್ಟಕ್ಕೆ ಮಾತ್ರ ಅಂಚೆಯನ್ನು ಹೊಣೆಯಾಗಿಸುತ್ತದೆ. ಆದಕಾರಣ ಬೆಲೆಯುಳ್ಳ ವಸ್ತುವನ್ನು ಅಂಚೆಯಲ್ಲಿ ಕಳುಹಿಸುವಾಗಲೂ ವಿಮೆಯೇ ದಾರಿ. ಇದ್ದ ಬೆಲೆಗಿಂತ ಹೆಚ್ಚು ಬರೆಯಿಸುವುದು ಕಡಮೆ ಬರೆಯಿಸಿದಷ್ಟೇ ತಪ್ಪು. ಪರಿಹಾರವು ನಿಜವಾದ ನಷ್ಟವನ್ನು ಮೀರುವಂತಿಲ್ಲ.

ಇನ್ನು ಮಾರಿದವರು ಮತ್ತು ಕೊಂಡವರ ನಡುವಣ ಮಾತು. "ನಾನು ಕೊರಿಯರಿಗೆ ಒಪ್ಪಿಸಿದೆ, ನನ್ನ ಕೆಲಸ ತೀರಿತು, ಕಳೆದರೆ ಕೊಂಡವರ ಹಣೆಬರಹ" ಎನ್ನುವ ಮಾರಾಟಗಾರರುಂಟು. 1930ರ ಸರಕು ಮಾರಾಟ ಕಾಯಿದೆಯ 39ನೆಯ ಕಲಮು, ಸಾಗಣೆದಾರನಿಗೆ ಒಪ್ಪಿಸಿದ್ದನ್ನು ಮೇಲ್ನೋಟಕ್ಕೆ ಕೊಂಡವರಿಗೆ ಒಪ್ಪಿಸಿದಂತೆಯೇ ಎಣಿಸುತ್ತದೆಂಬುದೇನೋ ನಿಜವೇ. ಆದರೆ ಅಲ್ಲಿಯೇ ಮುಂದಿನ ಮಾತನ್ನೂ ಓದಬೇಕು. ವಸ್ತುವಿನ ಸ್ವರೂಪಕ್ಕೆ ತಕ್ಕಂತೆ ಸಾಗಣೆದಾರನೊಡನೆ ಯುಕ್ತವಾದ ಕರಾರನ್ನು ಮಾಡಿಕೊಳ್ಳುವುದು ಮಾರಿದವನ ಕರ್ತವ್ಯ. ಅದನ್ನು ಮಾಡದಿದ್ದರೆ, ಆ ಒಪ್ಪಿಸುವಿಕೆಯನ್ನು ತನಗೆ ಒಪ್ಪಿಸಿದಂತೆಂದು ಎಣಿಸಲು ಕೊಂಡವನು ನಿರಾಕರಿಸಬಹುದು. 9,000 ರೂಪಾಯಿಯ ಸೀರೆಯನ್ನು 500 ರೂಪಾಯಿಯದೆಂದು ಬರೆಯಿಸಿದ್ದು ಯುಕ್ತವಾದ ಕರಾರೆಂದು ನಾವು ಯಾವ ಬಾಯಿಂದ ಹೇಳೋಣ? ನಮ್ಮ ಸೊಸೆ ಈ ಕಲಮನ್ನು ಓದಿದವಳಲ್ಲ. ಆದರೂ ಹಣವನ್ನು ಹಿಂದಿರುಗಿಸಿ, ಕಾಯಿದೆ ಹೇಳುವುದನ್ನು ಕಾಯಿದೆಗಿಂತ ಮೊದಲೇ ಮಾಡಿಬಿಟ್ಟಿದ್ದಳು.

ಮನೆಯಲ್ಲಿ ಕುಳಿತು ಹಪ್ಪಳ ಸಂಡಿಗೆಯನ್ನೋ, ಸೀರೆಯನ್ನೋ, ಹಳೆಯ ಪುಸ್ತಕಗಳನ್ನೋ ಹೀಗೆ ದೂರದವರಿಗೆ ಮಾರುವ ಗೃಹಿಣಿಯರು ಈಗ ಎಲ್ಲ ಊರುಗಳಲ್ಲಿಯೂ ಇದ್ದಾರೆ. ಅವರಿಗಾಗಿ ನಾವು ಕಲಿತದ್ದನ್ನು ಕ್ರಮವಾಗಿ ಹೇಳುತ್ತೇವೆ.

ಕಟ್ಟುವ ಮೊದಲು ವಸ್ತುವಿನ ಚಿತ್ರವನ್ನೂ, ಕಟ್ಟಿದ ಮೇಲೆ ವಿಳಾಸ ಕಾಣುವಂತೆ ಪೊಟ್ಟಣದ ಚಿತ್ರವನ್ನೂ ತೆಗೆದಿಟ್ಟುಕೊಳ್ಳಿರಿ. ಕೊಂಡವರು ಹಣ ಕೊಟ್ಟದ್ದರ ಗುರುತೇ ಬೆಲೆಗೆ ಸಾಕ್ಷಿ, ಅದನ್ನು ಅಳಿಸಬೇಡಿರಿ. ರಸೀದಿಯಲ್ಲಿ ವಸ್ತುವಿನ ಹೆಸರು, ತೂಕ, ನಿಜವಾದ ಬೆಲೆ ಈ ಮೂರೂ ಇವೆಯೇ ಎಂದು ಅಲ್ಲಿಯೇ ನಿಂತು ನೋಡಿರಿ. ವಿಮೆಯ ಹಣವನ್ನು ಸೀರೆಯ ಬೆಲೆಯೊಳಗೇ ಸೇರಿಸಿ ಹೇಳಿದರೆ, ತಿಳಿದ ಗಿರಾಕಿ ಬೇಡವೆನ್ನುವುದಿಲ್ಲ.

ಪಾರ್ಸಲು ಹೇಳಿದ ದಿನಕ್ಕೆ ಮುಟ್ಟದಿದ್ದರೆ ಬಾಯಿಮಾತನ್ನು ಬಿಟ್ಟು ಬರವಣಿಗೆಗೆ ಇಳಿಯಿರಿ. ಅಂಗಡಿಯ ಹುಡುಗ 'ಹುಡುಕುತ್ತಿದ್ದೇವೆ' ಎಂದದ್ದಕ್ಕೆ ಸಾಕ್ಷಿಯಿಲ್ಲ. ನೀವು ದಿನಾಂಕ ಹಾಕಿ ಕಳುಹಿಸಿದ ದೂರಿಗೆ ಸಾಕ್ಷಿಯುಂಟು. ಮೊಬೈಲು ತೋರಿಸುವ ದಾರಿಯ ವಿವರವನ್ನು ದಿನವೂ ಚಿತ್ರವಾಗಿ ಉಳಿಸಿಕೊಳ್ಳಿರಿ. ಕೆಲವು ಕಾಲದ ಮೇಲೆ ಅದು ಅಳಿದುಹೋಗಬಹುದು. ಕಳೆದುಹೋಗಿದೆಯೆಂದು ಅವರಿಂದಲೇ ಬರವಣಿಗೆಯಲ್ಲಿ ಹೇಳಿಸಿರಿ.

ಎಲ್ಲಕ್ಕಿಂತ ಮುಖ್ಯವಾದದ್ದು ನೋಟೀಸು. ಕೊರಿಯರಿನವರ ಮೇಲೆ ದಾವೆ ಹೂಡುವ ಮೊದಲು, ನಷ್ಟದ ವಿಷಯವಾಗಿ ಬರವಣಿಗೆಯ ನೋಟೀಸನ್ನು 180 ದಿವಸಗಳೊಳಗೆ ಕೊಟ್ಟಿರಲೇಬೇಕೆಂದು 2007ರ ಕಾಯಿದೆಯ 16ನೆಯ ಕಲಮು ವಿಧಿಸಿದೆ. ಈ ದಿವಸಗಳ ಎಣಿಕೆ ಮಾಲು ಕಳೆದ ದಿನದಿಂದಲ್ಲ, ಒಪ್ಪಿಸಿದ ದಿನದಿಂದ. 'ನಾಳೆ ಬನ್ನಿ' ಎಂಬ ಮಾತನ್ನು ನಂಬಿ ಅರ್ಧ ವರ್ಷ ಅಲೆದವರಿಗೆ ಬಾಗಿಲು ಮುಚ್ಚಿಹೋಗುತ್ತದೆ.

ಆಮೇಲಿನ ದಾರಿ ಗ್ರಾಹಕರ ನ್ಯಾಯದ್ದು. 1915 ಎಂಬ ಸಂಖ್ಯೆಗೆ ದೂರವಾಣಿ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಮೊದಲು ತಿಳಿಸಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವುಂಟು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ತಾವು ವಾಸಿಸುವ ಜಿಲ್ಲೆಯಲ್ಲಿಯೇ, ಎರಡು ವರ್ಷಗಳೊಳಗೆ ದೂರು ಕೊಡಬಹುದು. ವಕೀಲರು ಇರಲೇಬೇಕೆಂಬ ನಿರ್ಬಂಧವಿಲ್ಲ. ವ್ಯಾಪಾರದ ಉದ್ದೇಶಕ್ಕೆ ಸೇವೆಯನ್ನು ಪಡೆದವರು ಗ್ರಾಹಕರಲ್ಲವೆಂದು ಎದುರಾಳಿ ವಾದಿಸಬಹುದು. ಆದುದರಿಂದ ದೂರುಕೊಡುವವರು ತಮ್ಮದು ಹೊಟ್ಟೆಪಾಡಿಗಾಗಿ ಸ್ವಂತ ಕೈಯಿಂದ ಮಾಡುವ ದುಡಿಮೆಯೆಂಬುದನ್ನು ಮೊದಲಲ್ಲಿಯೇ ಸ್ಪಷ್ಟವಾಗಿ ಬರೆಯುವುದು ಮೇಲು. ಇನ್ನು ದೊಡ್ಡ ಜಾಲತಾಣಗಳ ಮೂಲಕ ಕೊಂಡವರ ದೂರಿಗೆ 48 ಗಂಟೆಗಳಲ್ಲಿ ಸ್ವೀಕೃತಿಯನ್ನೂ ಒಂದು ತಿಂಗಳಲ್ಲಿ ಪರಿಹಾರವನ್ನೂ ಕೊಡತಕ್ಕದ್ದೆಂದು 2020ರ ನಿಯಮಗಳಲ್ಲಿದೆ. ಅಲ್ಲಿ ಮಾರುವವರು ಆ ತಾಣದವರು ಹಾಕಿರುವ ವಾಯಿದೆಯನ್ನು ಮೊದಲೇ ಓದಿಟ್ಟುಕೊಳ್ಳಬೇಕು.

ನಾವು ನೋಟೀಸು ಕೊಟ್ಟೆವು. ಕೊನೆಗೆ ಬಂದದ್ದು 500 ರೂಪಾಯಿ, ಅದರ ಮೇಲೆ ಸಾಗಣೆಯ ಖರ್ಚು. ಹೆಚ್ಚು ಕೇಳಬೇಕಾದ ಬಾಯನ್ನು ನಮ್ಮ ಮಾತೇ ಮುಚ್ಚಿತ್ತು. ಉಳಿದ ಹಣವನ್ನು ನಮ್ಮ ಪಿಂಚಣಿಯಿಂದ ತುಂಬಿಕೊಡಲು ಹೋದಾಗ ಸೊಸೆ ಬಹಳ ಹೊತ್ತು ಬೇಡವೆಂದಳು. ಮಗನ ಶುಲ್ಕದಷ್ಟನ್ನು ಮಾತ್ರ, ಅದೂ ಸಾಲವೆಂದು ಹೇಳಿ, ತೆಗೆದುಕೊಂಡಳು. ಆಮೇಲೆ ಸೂಜಿಯ ಮೇಲಿನ ಕಣ್ಣನ್ನು ಎತ್ತದೆ, "ಮಾಮಾ, ಸೀರಿ ಹೋತು, ಹೋಗ್ಲಿ, ಇನ್ನೊಂದು ಹಾಕ್ತೀನಿ. ಆದರ ನನ್ನ ಎರಡು ತಿಂಗಳಿಗೆ ನೀವು ಐದುನೂರು ಅಂತ ಬರಸಬಾರದಿತ್ತು" ಎಂದಳು.

ನಾವು ಅದನ್ನು ಕೊರಿಯರಿನವರಿಗೆ ಹೇಳಿದ ಬೆಲೆಯೆಂದು ಎಣಿಸಿದ್ದೆವು. ಆಕೆಯ ಕಿವಿಗೆ ಅದು ಬೇರೆಯಾಗಿಯೇ ಕೇಳಿಸಿತ್ತು.

ಹೋದ ವಾರ ಇನ್ನೊಂದು ಸೀರೆ ಮುಗಿಯಿತು. ಆ ಪುಣೆಯವರೇ, ಮದುವೆಯಾದ ಮಗಳಿಗೆ ಮೊದಲ ದೀಪಾವಳಿಗೆಂದು ಮತ್ತೆ ಹೇಳಿಕಳುಹಿಸಿದ್ದಾರೆ. ಈ ಸಲವೂ ನಾವು ಜೊತೆಯಲ್ಲಿ ಹೋದೆವು. ಅಂಗಡಿಯವನು ಬೆಲೆಯೆಷ್ಟೆಂದು ಕೇಳಿದಾಗ, ಸೊಸೆ ಅವನ ಕೈಯಿಂದ ಲೇಖನಿಯನ್ನು ಇಸಿದುಕೊಂಡು ತಾನೇ ಬರೆದಳು; ರಸೀದಿಯನ್ನು ತಿರುಗಿಸಿ ಬೆನ್ನನ್ನೂ ಓದಿದಳು. ಹಿಂದೆ ನಿಂತವರು ಅವಸರಪಟ್ಟರು. ನಾವು ಕೊಡೆಯನ್ನು ಹಿಡಿದುಕೊಂಡು ಸುಮ್ಮನೆ ನಿಂತಿದ್ದೆವು.