ಕೊಳಚೆಯೊಳಗಿನ ವಿದ್ಯುತ್ತು: ಭರವಸೆ ಎಷ್ಟು, ಭ್ರಮೆ ಎಷ್ಟು?

ಕಣಕುಂಬಿಯ ಕಾಡಿನಲ್ಲಿ ಹುಟ್ಟುವ ಮಲಪ್ರಭೆಯು ಖಾನಾಪುರವನ್ನು ದಾಟಿ, ನವಿಲುತೀರ್ಥದ ಅಣೆಕಟ್ಟಿನಲ್ಲಿ ತಂಗಿ, ಮುನವಳ್ಳಿ ಮತ್ತು ರಾಮದುರ್ಗಗಳ ಮಗ್ಗುಲಲ್ಲಿ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಘಟ್ಟದ ಜನ ಹರಿಯಬಿಟ್ಟ ನೀರನ್ನೇ ಬಯಲಿನ ಜನ ಬಳಸುತ್ತಾರೆ. 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಕರ್ನಾಟಕದಲ್ಲಿ ಗುರುತಿಸಿದ 17 ಕಲುಷಿತ ನದಿಭಾಗಗಳಲ್ಲಿ ಖಾನಾಪುರದಿಂದ ರಾಮದುರ್ಗದವರೆಗಿನ ಮಲಪ್ರಭೆಯೂ ಸೇರಿತ್ತು. ಒಂದು ಲೀಟರ್ ನೀರಿನ ಜೈವಿಕ ಆಮ್ಲಜನಕ ಬೇಡಿಕೆ, ಅಂದರೆ ಬಿಓಡಿ, 3 ಮಿಲಿಗ್ರಾಂ ಮೀರಿದೆಯೇ ಎಂಬುದೇ ಆ ಪಟ್ಟಿಯ ಅಳತೆಗೋಲು.

ಈ ಅಳತೆಗೆ ಇನ್ನೊಂದು ಮುಖವಿದೆ. ಸೂಕ್ಷ್ಮಜೀವಿಗಳಿಗೆ ಆಹಾರವಾಗುವ ಸಾವಯವ ಕಲ್ಮಶ ನೀರಿನಲ್ಲಿ ಹೆಚ್ಚಿದಷ್ಟೂ ಬಿಓಡಿ ಏರುತ್ತದೆ. ಆಹಾರವೆಂದರೆ ಶಕ್ತಿ. ಆ ಶಕ್ತಿಯನ್ನು ನೇರವಾಗಿ ವಿದ್ಯುತ್ತಾಗಿ ಪಡೆಯುವ ಸಾಧನವೇ ಸೂಕ್ಷ್ಮಜೀವಿ ಇಂಧನಕೋಶ. ಗಾಳಿಯಾಡದ ಕೋಣೆಯೊಂದರಲ್ಲಿ ಇಂಗಾಲದ ಆನೋಡಿಗೆ ಅಂಟಿಕೊಂಡ ಜಿಯೋಬ್ಯಾಕ್ಟರ್ ಮೊದಲಾದ ಬ್ಯಾಕ್ಟೀರಿಯಾಗಳು ಕೊಳಚೆಯನ್ನು ಉಂಡು, ಎಲೆಕ್ಟ್ರಾನುಗಳನ್ನು ಆನೋಡಿಗೆ ಒಪ್ಪಿಸುತ್ತವೆ. ಅವು ತಂತಿಯ ಮೂಲಕ ಸಾಗಿ, ಗಾಳಿ ತಗಲುವ ಕ್ಯಾಥೋಡನ್ನು ತಲುಪುತ್ತವೆ. ತಂತಿಯಲ್ಲಿ ವಿದ್ಯುತ್ತು ಹರಿಯುತ್ತದೆ; ಕೊಳಚೆಯೂ ಅಷ್ಟರಮಟ್ಟಿಗೆ ತಿಳಿಯಾಗುತ್ತದೆ.

ಈ ವಿದ್ಯೆ ಹೊಸದೇನಲ್ಲ. ಇಂಗ್ಲೆಂಡಿನ ಎಂ.ಸಿ. ಪಾಟರ್ 1911ರಲ್ಲೇ ಇದನ್ನು ತೋರಿಸಿಕೊಟ್ಟರು. ಒಂದು ಕೋಶದಿಂದ ಬಳಕೆಗೆ ಸಿಗುವುದು ಅರ್ಧ ವೋಲ್ಟಿನ ಆಸುಪಾಸು ಮಾತ್ರ. ಆದ್ದರಿಂದ ಹಲವು ಕೋಶಗಳನ್ನು ಜೋಡಿಸುವ ಯೋಚನೆ ಬಂದಿತು. 1931ರಲ್ಲಿ ಅಮೆರಿಕದ ಬಾರ್ನೆಟ್ ಕೋಹೆನ್ ಕೋಶಗಳನ್ನು ಸರಣಿಯಲ್ಲಿ ಜೋಡಿಸಿ 35 ವೋಲ್ಟ್ ಪಡೆದರು. ಆದರೆ ಹರಿದ ವಿದ್ಯುತ್ತು 2 ಮಿಲಿಆಂಪಿಯರ್. ಎರಡನ್ನೂ ಗುಣಿಸಿದರೆ ದೊರೆಯುವುದು 0.07 ವಾಟ್. 9 ವಾಟಿನ ಒಂದು ಎಲ್‌ಇಡಿ ಬಲ್ಬು ಉರಿಯಲು ಅಂತಹ ಸುಮಾರು 130 ಜೋಡಣೆಗಳು ಬೇಕು.

ಜೋಡಣೆಯಲ್ಲಿ ಅಡಗಿರುವ ತೊಡಕನ್ನು ಮಲಪ್ರಭಾ ಕಾಲುವೆಯ ರೈತರು ಬೇರೆಯವರಿಗಿಂತ ಬೇಗ ಅರಿಯಬಲ್ಲರು. ಕೊಳಚೆಯನ್ನು ಒಂದು ಕೋಶದಿಂದ ಮತ್ತೊಂದಕ್ಕೆ ಹಾಯಿಸುತ್ತ ಹೋದರೆ ಮೊದಲಿನವು ಉಂಡು ತೇಗುತ್ತವೆ. ಕೊನೆಯದು ಕಾಲುವೆಯ ತುದಿಯ ಹೊಲದಂತೆ ಒಣಗುತ್ತದೆ. ಸರಣಿ ಜೋಡಣೆಯಲ್ಲಿ ಎಲ್ಲ ಕೋಶಗಳೂ ಒಂದೇ ಪ್ರಮಾಣದ ವಿದ್ಯುತ್ತನ್ನು ಹೊರಲೇಬೇಕು. ಹಸಿದ ಕೋಶಕ್ಕೆ ಅದು ಸಾಧ್ಯವಾಗದೆ ಅದರ ವೋಲ್ಟೇಜ್ ತಿರುವುಮುರುವಾಗುತ್ತದೆ. ಆಗ ಅದು ಕೊಡುವ ಬದಲು ಉಳಿದವು ಕೊಟ್ಟದ್ದನ್ನು ನುಂಗತೊಡಗುತ್ತದೆ. ಅದರ ಆನೋಡಿನ ಮೇಲಿನ ಜೀವಿಗಳಿಗೂ ಹಾನಿಯಾಗುತ್ತದೆ. ಇನ್ನೊಂದು ಸೋರಿಕೆಯೂ ಉಂಟು. ಕೋಶಗಳ ನಡುವೆ ಒಂದೇ ನೀರು ಹರಿದಾಡಿದರೆ ವಿದ್ಯುತ್ತು ತಂತಿಯನ್ನು ಬಿಟ್ಟು ನೀರಿನಲ್ಲೇ ಅಡ್ಡದಾರಿ ಹಿಡಿಯುತ್ತದೆ.

ಇದಕ್ಕೆ ಪರಿಹಾರಗಳಿವೆ. ಪ್ರತಿ ಕೋಶಕ್ಕೂ ಪ್ರತ್ಯೇಕವಾಗಿ ಕೊಳಚೆ ಉಣಿಸಬೇಕು. ಒಂದು ದೊಡ್ಡ ತೊಟ್ಟಿಗಿಂತ ಹಲವು ಚಿಕ್ಕ ಕೋಶಗಳು ಲೇಸು, ಏಕೆಂದರೆ ಉತ್ಪಾದನೆ ನಿಂತಿರುವುದು ತೊಟ್ಟಿಯ ಗಾತ್ರಕ್ಕಿಂತ ವಿದ್ಯುದಗ್ರದ ಮೇಲ್ಮೈಯ ಮೇಲೆ. ಕೋಶಗಳನ್ನು ಸಮಾಂತರವಾಗಿ ಜೋಡಿಸಿ ಕೆಪಾಸಿಟರುಗಳನ್ನು ತುಂಬಿಸಿ, ಬಳಿಕ ಆ ಕೆಪಾಸಿಟರುಗಳನ್ನು ಸರಣಿಯಲ್ಲಿ ಖಾಲಿ ಮಾಡಿದರೆ, ಕೋಶಗಳು ತಿರುವುಮುರುವಾಗದೆಯೇ ವೋಲ್ಟೇಜ್ ಏರುತ್ತದೆ. 2015ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಇಂತಹ ಚಿಕ್ಕ ಕೋಶಗಳ ಜೋಡಣೆಯು ಮೂತ್ರಾಲಯವೊಂದರ ದೀಪಗಳನ್ನು ಮೂತ್ರದಿಂದಲೇ ಉರಿಸಿತು. ಭಾರತದಲ್ಲಿಯೂ ಹೈದರಾಬಾದಿನ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ ಮತ್ತು ಖರಗ್‌ಪುರದ ಐಐಟಿಗಳಲ್ಲಿ ಈ ಬಗ್ಗೆ ಗಂಭೀರ ಸಂಶೋಧನೆ ನಡೆದಿದೆ.

ಹಾಗೆಂದು ನಾಳೆಯೇ ಊರು ಬೆಳಗೀತೆಂದು ನಂಬುವುದು ಆತ್ಮವಂಚನೆ. ಆಮ್ಲಜನಕ ಬೇಡಿಕೆಯ ಲೆಕ್ಕದಲ್ಲಿ 1 ಕಿಲೋ ಕಲ್ಮಶದೊಳಗೆ ಸುಮಾರು 4 ಯೂನಿಟ್ ಶಕ್ತಿ ಅಡಗಿದೆ. ಗೋಬರ್ ಗ್ಯಾಸಿನ ದಾರಿಯಲ್ಲಿ ಅದನ್ನು ಮೀಥೇನ್ ಮಾಡಿ ಎಂಜಿನ್ ಓಡಿಸಿದರೆ ಇಂದೇ ಹತ್ತಿರ ಹತ್ತಿರ 1 ಯೂನಿಟ್ ವಿದ್ಯುತ್ತು ದೊರೆಯುತ್ತದೆ. ಪ್ರಯೋಗಾಲಯದಿಂದ ಹೊರಬಂದ ಇಂಧನಕೋಶಗಳು ಅದರ ಹತ್ತಿರಕ್ಕೂ ಬಂದಿಲ್ಲ. ಮುನವಳ್ಳಿಯ ಸುತ್ತ ಕಬ್ಬು ಬೆಳೆಯುತ್ತದೆ, ಸಕ್ಕರೆ ಕಾರ್ಖಾನೆಯೂ ಇದೆ. ಸಕ್ಕರೆ ಉದ್ಯಮದಲ್ಲಿ ಕಬ್ಬಿನ ಸಿಪ್ಪೆಯಿಂದ ಮೆಗಾವಾಟ್ ಲೆಕ್ಕದಲ್ಲಿ ವಿದ್ಯುತ್ತು ಹುಟ್ಟುತ್ತದೆ. ಕಾಕಂಬಿಯಿಂದ 1 ಲೀಟರ್ ಮದ್ಯಸಾರ ತೆಗೆದಾಗ 8ರಿಂದ 15 ಲೀಟರಿನಷ್ಟು ಕಡುಕಂದು ಸ್ಪೆಂಟ್ ವಾಷ್ ಉಳಿಯುತ್ತದೆ. ಅದರ ಬಿಓಡಿ ಲೀಟರಿಗೆ ಹತ್ತಾರು ಸಾವಿರ ಮಿಲಿಗ್ರಾಂ. ಅಂತಹ ದ್ರವಕ್ಕೂ ಮೊದಲ ಮದ್ದು ಬಯೋಗ್ಯಾಸ್ ಸ್ಥಾವರವೇ. ಅದು ಬಿಟ್ಟ ಶೇಷವನ್ನು ಇನ್ನಷ್ಟು ತಿಳಿಗೊಳಿಸುವುದಕ್ಕೆ ಇಂಧನಕೋಶ ಮುಂದೊಂದು ದಿನ ನೆರವಾಗಬಹುದು.

ಹಾಗಾದರೆ ಈ ಕೋಶದಿಂದ ಪ್ರಯೋಜನವೇನು? ಅದರ ನಿಜವಾದ ಬೆಲೆ ಬೆಳಕಿಗಿಂತ ನೀರಿನಲ್ಲಿದೆ. ಕೋಶ ಕೊಡುವ ವಿದ್ಯುತ್ತಿನ ಪ್ರಮಾಣವು ನಿರ್ದಿಷ್ಟ ಮಿತಿಯೊಳಗೆ ನೀರಿನ ಕಲ್ಮಶದೊಡನೆ ಏರಿಳಿಯುತ್ತದೆ. ಪ್ರಯೋಗಾಲಯದ ಬಿಓಡಿ ಪರೀಕ್ಷೆಗೆ ನಮ್ಮಲ್ಲಿ 3 ದಿನ ಹಿಡಿಯುವಾಗ, ಇಂತಹ ಕೋಶ ಕೆಲವೇ ಗಂಟೆಗಳಲ್ಲಿ ಎಚ್ಚರಿಕೆ ಕೊಡಬಲ್ಲದು. 2008ರಲ್ಲಿ ಪ್ರಕಟವಾದಂತೆ, ಅಮೆರಿಕದ ಪೊಟೊಮ್ಯಾಕ್ ನದಿಯಲ್ಲಿ ಕೆಸರಿನ ಕೋಶಗಳೇ ಹವಾಮಾನ ಅಳೆಯುವ ತೇಲುಯಂತ್ರವೊಂದನ್ನು ನಡೆಸಿದವು. ನದಿಯ ಕಾವಲಿಗೆ ನದಿಯ ಕೆಸರೇ ನಿಲ್ಲಬಹುದೆಂಬುದಕ್ಕೆ ಇದೇ ಸಾಕ್ಷಿ.

ಆದ್ದರಿಂದ ವಿದ್ಯಾರ್ಥಿಗಳು ಗದ್ದೆಯ ಕೆಸರು, ಇಂಗಾಲದ ಬಟ್ಟೆ ಮತ್ತು ಒಂದು ಮಲ್ಟಿಮೀಟರ್ ಇಟ್ಟುಕೊಂಡು ಕೋಶಗಳನ್ನು ಕಟ್ಟಲಿ. ಜೋಡಣೆಯ ಒಟ್ಟು ವೋಲ್ಟೇಜನ್ನಷ್ಟೇ ನೋಡಿ ಹಿಗ್ಗದೆ, ಪ್ರತಿ ಕೋಶವನ್ನೂ ಬೇರೆ ಬೇರೆಯಾಗಿ ಅಳೆದು ಬರೆದಿಡಲಿ. ಪಂಚಾಯಿತಿಗಳು ಕೊಳಚೆಯಿಂದ ಕರೆಂಟು ಕೊಡುವೆವೆಂದು ಬರುವವರನ್ನು ಎರಡು ಪ್ರಶ್ನೆ ಕೇಳಲಿ: ದಿನಕ್ಕೆ ಎಷ್ಟು ಯೂನಿಟ್? ಹೊರಬಿಡುವ ನೀರಿನ ಬಿಓಡಿ ಎಷ್ಟು? ಉತ್ತರ ಅಂಕಿಯಲ್ಲಿ ಬಾರದಿದ್ದರೆ ಸಾರ್ವಜನಿಕರ ಹಣ ಕದಲಬಾರದು. ಪಟ್ಟಣಗಳ ಚರಂಡಿ ನೀರನ್ನು ಶುದ್ಧಗೊಳಿಸಿಯೇ ನದಿಗೆ ಬಿಡುವ ಹೊಣೆಯನ್ನು ಯಾವ ಹೊಸ ಯಂತ್ರದ ಹೆಸರಿನಲ್ಲೂ ಮುಂದೂಡುವಂತಿಲ್ಲ. ಬ್ಯಾಕ್ಟೀರಿಯಾಗಳು ತಮ್ಮ ಪಾಲಿನ ಕೆಲಸವನ್ನು ಮಾಡುತ್ತಲೇ ಬಂದಿವೆ. ಬಾಕಿ ಉಳಿದಿರುವುದು ಮನುಷ್ಯರ ಪಾಲು.