ಹೆಸರಿಲ್ಲದ ದನಿ ಯಾರ ಕಡೆ?

ಕಾಲೇಜಿನ ಮೇಲೆ ಒಂದಲ್ಲ ಒಂದು ಸಲ ಸಿಟ್ಟು ಮಾಡ್ಕೊಂಡವರೆಲ್ಲ ನೋಡಬೇಕಾದ ಸಿನಿಮಾ 'ಪಂಪ್ ಅಪ್ ದ ವಾಲ್ಯೂಮ್'. 1990ರದ್ದು, ನಿರ್ದೇಶನ ಅಲನ್ ಮೊಯ್ಲ್. ನಾವು ಹುಟ್ಟೋಕೆ ಮುಂಚಿನದು ಅಂತ ಮೂಗು ಮುರಿಯಬೇಡಿ. ಇದು ನಮ್ಮ ಕನ್ಫೆಷನ್ ಪೇಜುಗಳ ಕತೆಯೂ ಹೌದು.

ನಡೆಯೋದು ಅಮೆರಿಕದ ಅರಿಝೋನಾದಲ್ಲಿ. ಮಾರ್ಕ್ ಹಂಟರ್ ಊರಿಗೆ ಹೊಸಬ, ಶಾಲೆಯಲ್ಲಿ ಬಾಯಿ ಬಿಡದ ಹುಡುಗ. ದೂರದ ಹಳೇ ಗೆಳೆಯರ ಜೊತೆ ಮಾತಾಡ್ಲಿ ಅಂತ ಮನೆಯವರು ಶಾರ್ಟ್‌ವೇವ್ ಸೆಟ್ ಕೊಡಿಸಿರ್ತಾರೆ. ಅದು ಅಲ್ಲಿವರೆಗೆ ಮುಟ್ಟಲ್ಲ. ಇವನು ರಾತ್ರಿ ಹೊತ್ತು ಬೇಸ್‌ಮೆಂಟಿನಿಂದ ಲೈಸೆನ್ಸ್ ಇಲ್ಲದೆ ಪ್ರಸಾರ ಶುರು ಮಾಡ್ತಾನೆ. ಹೆಸರು ಹ್ಯಾರಿ, ದನಿ ಬದಲಿಸೋಕೆ ಒಂದು ಯಂತ್ರ. ಮೊದಮೊದಲು ಬರೀ ಹಾಡು, ಪೋಲಿ ಜೋಕು. ಆಮೇಲೆ ಪತ್ರಗಳು ಬರೋಕೆ ಶುರುವಾಗುತ್ತೆ.

ಸಿನಿಮಾದ ಜೀವ ಇರೋದು ಈ ಪತ್ರಗಳಲ್ಲಿ ಅನ್ನೋದು ನಮ್ಮ ಅಭಿಪ್ರಾಯ. ಹ್ಯಾರಿ ಪತ್ರ ಓದಿ ನಕ್ಕು ಸುಮ್ಮನಾಗಲ್ಲ, ಬರೆದವರಿಗೇ ಫೋನ್ ಮಾಡ್ತಾನೆ. ಗರ್ಭಿಣಿ ಅನ್ನೋ ಕಾರಣಕ್ಕೆ ಒಬ್ಬಳನ್ನು ಶಾಲೆಯಿಂದ ಹೊರಹಾಕಿದಾಗ, ಆಪ್ತಸಮಾಲೋಚಕನಿಗೇ ಫೋನ್ ಹಚ್ಚಿ ಇಡೀ ಊರಿಗೆ ಕೇಳುವ ಹಾಗೆ ಪ್ರಶ್ನೆ ಕೇಳ್ತಾನೆ. ಆ ಶಾಲೆಯ ಪ್ರಾಂಶುಪಾಲೆಯ ಲೆಕ್ಕಾಚಾರ ಸರಳ: ಎಸ್‌ಎಟಿ ಸರಾಸರಿ ಚೆನ್ನಾಗಿ ಕಾಣಬೇಕು, ಅದಕ್ಕೆ ಹಿಂದೆ ಬಿದ್ದವರನ್ನು ಏನೋ ನೆಪ ಹೇಳಿ ಹೊರಗಟ್ಟೋದು. ಸರ್ಕಾರದ ದುಡ್ಡು ಬರಲಿ ಅಂತ ಅವರ ಹೆಸರು ಮಾತ್ರ ಪುಸ್ತಕದಲ್ಲಿ ಹಾಗೇ ಇರುತ್ತೆ! ಆದರೆ ವ್ಯಾನು ತಗೊಂಡು ಸಿಗ್ನಲ್ ಹುಡುಕ್ತಾ ಬರುವ ಅಧಿಕಾರಿಗಳಿಗೆ ಬೇಕಾಗಿರೋದು ಟ್ರಾನ್ಸ್‌ಮಿಟರ್ ಇಟ್ಟುಕೊಂಡ ಹುಡುಗ.

ಹಾಗಂತ ಹ್ಯಾರಿ ಹೀರೋ ಅಂತ ಕುಣಿಯೋಕೂ ಸಿನಿಮಾ ಬಿಡಲ್ಲ. ಮ್ಯಾಲ್ಕಮ್ ಅನ್ನೋ ಹುಡುಗ ಸಾಯಬೇಕು ಅನ್ನಿಸ್ತಿದೆ ಅಂತ ಬರೀತಾನೆ. ಹ್ಯಾರಿ ಫೋನ್ ಮಾಡಿ ಮಾತಾಡ್ತಾನೆ. 'ಬೇಡ' ಅನ್ನೋ ಒಂದು ಮಾತು ಮಾತ್ರ ಅವನ ಬಾಯಿಂದ ಬರಲ್ಲ. ಮ್ಯಾಲ್ಕಮ್ ಉಳಿಯಲ್ಲ. ಮರುದಿನ ಮೈಕಿನ ಮುಂದೆ ಕೂತವನು ಬೇರೆಯೇ ಮನುಷ್ಯ. ಕೇಳೋರು ಇದಾರೆ ಅಂದಮೇಲೆ ಹೊಣೆಯೂ ಇದೆ ಅಂತ ಅವನಿಗೆ ಗೊತ್ತಾಗೋದು ಆಗಲೇ, ಅದೂ ತಡವಾಗಿ. ಕೊನೆಯ ಪ್ರಸಾರ ಓಡುವ ಜೀಪಿನಿಂದ. ದನಿ ಬದಲಿಸೋ ಯಂತ್ರ ಕೈಕೊಡುತ್ತೆ. ಅವನು ಪ್ರಸಾರ ನಿಲ್ಲಿಸಲ್ಲ, ಸ್ವಂತ ದನಿಯಲ್ಲೇ ಮಾತಾಡಿ ಸಿಕ್ಕಿಬೀಳ್ತಾನೆ.

ಈಗ ನಮ್ಮ ಕಡೆ ನೋಡೋಣ. ಪೈರೇಟ್ ರೇಡಿಯೋ ನಮಗೆ ಬೇಕಾಗಿಲ್ಲ, ಜೇಬಿನಲ್ಲೇ ಫೋನಿದೆ. ಹೆಸರು ಮುಚ್ಚಿಡೋದು ತಪ್ಪು ಅಂತಲೂ ನಾವು ಹೇಳ್ತಿಲ್ಲ. ಇಂಟರ್ನಲ್ಸ್ ಮಾರ್ಕ್ಸು, ಅಟೆಂಡೆನ್ಸು ಬೇರೆಯವರ ಕೈಲಿರುವಾಗ ಹೆಸರು ಹಾಕಿ ಬರೆಯೋ ಧೈರ್ಯ ಎಲ್ಲರಿಗೂ ಬರಲ್ಲ. ಆದರೆ ಹ್ಯಾರಿ ಮುಖವಾಡ ಹಾಕ್ಕೊಂಡು ತನಗಿಂತ ಮೇಲಿನವರನ್ನು ಪ್ರಶ್ನೆ ಮಾಡಿದ. ನಾವು ಅದೇ ಮುಖವಾಡದಲ್ಲಿ ಪಕ್ಕದ ಬೆಂಚಿನ ಹುಡುಗಿಯ ಬಟ್ಟೆ, ಜೂನಿಯರ್‌ನ ಇಂಗ್ಲಿಷು, ಬ್ಯಾಕ್ ಉಳಿಸ್ಕೊಂಡವನ ಹೆಸರು ಆಡ್ಕೊಳ್ತೀವಿ. ಇದಕ್ಕೆ ಬಂಡಾಯ ಅಂತ ಹೆಸರು ಬೇರೆ!

ಪೇಜು ನಡೆಸೋ ಗೆಳೆಯರಿಗೆ ನಮ್ಮ ಕೋರಿಕೆ ಇಷ್ಟೇ. ಹಾಸ್ಟೆಲ್ ನೀರಿನ ಬಗ್ಗೆ, ಫೀಸಿನ ಬಗ್ಗೆ ಬಂದದ್ದನ್ನು ನಿಜವೋ ಸುಳ್ಳೋ ವಿಚಾರಿಸಿ ಧೈರ್ಯವಾಗಿ ಹಾಕಿ. ಒಬ್ಬರ ಮರ್ಯಾದೆ ತೆಗೆಯೋದನ್ನು ಅಳಿಸಿ. 'ಸಾಕಾಗಿದೆ ಬದುಕು' ಅಂತ ಯಾರಾದರೂ ಬರೆದರೆ ಅದನ್ನು ಪೋಸ್ಟ್ ಮಾಡಿ ಲೈಕ್ ಎಣಿಸ್ತಾ ಕೂರಬೇಡಿ. ತಕ್ಷಣ ಮಾತಾಡಿಸಿ, ಒಬ್ಬರನ್ನೇ ಬಿಡಬೇಡಿ, ಟೆಲಿ ಮಾನಸ್ 14416ಕ್ಕೆ ಕರೆ ಮಾಡಿಸಿ. ಮ್ಯಾಲ್ಕಮ್‌ಗೆ ಯಾರೂ ಹೇಳದ ಆ 'ಬೇಡ'ವನ್ನು ನಾವಾದರೂ ಬಾಯ್ಬಿಟ್ಟು ಹೇಳೋಣ.