ತಾತಂದಿರ ಹೊಟ್ಟೆಯೊಳಗಿನ ಹುಳ

"ಹಿಂದಿನವರು ಎಲ್ಲಾ ನ್ಯಾಚುರಲ್ ಆಗಿ ತಿಂತಿದ್ರು ಕಣೋ, ಅದಕ್ಕೇ ರೋಗ-ರುಜಿನ ಇರ್ಲಿಲ್ಲ." ಆಫೀಸ್ ಕ್ಯಾಂಟೀನಿನಲ್ಲಿ ಪೇಲಿಯೋ ಡಯಟ್ ಮಾಡುವ ಗೆಳೆಯನೊಬ್ಬನ ನಿತ್ಯ ಪ್ರವಚನ ಇದು. ಇಷ್ಟು ದಿನ ಹೂಂಗುಟ್ಟಿ, ಮೊಸರನ್ನ ಮುಗಿಸಿ ಎದ್ದು ಬರ್ತಿದ್ದೆ. ಮೊನ್ನೆ, ಮಗಳ ಸ್ಕೂಲಲ್ಲಿ ಕೊಡೋ ಜಂತುಹುಳದ ಮಾತ್ರೆ ಬೇಡ ಅಂತ ಚೀಟಿ ಬರೆದು ಕಳಿಸಿದೆ ಅಂದ ನೋಡಿ... ತಲೆ ಕೆಟ್ಟುಹೋಯ್ತು.

ಅಲ್ಲಾ ಸ್ವಾಮಿ, ಹಿಂದಿನವರ ಹೊಟ್ಟೆಯ ಕಥೆ ಹೇಳೋಕೆ ಆ ಹುಳಗಳೇ ಇವೆಯಲ್ಲ! ಅವುಗಳ ಮೊಟ್ಟೆಯ ಚಿಪ್ಪು ಎಷ್ಟು ಗಟ್ಟಿ ಅಂದ್ರೆ, ಸಾವಿರಾರು ವರ್ಷ ಮಣ್ಣಲ್ಲಿದ್ದರೂ ಮೈಕ್ರೋಸ್ಕೋಪಿನಲ್ಲಿ ಗುರುತು ಸಿಗುತ್ತೆ. ಇಂಗ್ಲೆಂಡಿನ ಸ್ಟೋನ್‌ಹೆಂಜ್ ಪಕ್ಕದ ಡರಿಂಗ್ಟನ್ ವಾಲ್ಸ್‌ನಲ್ಲಿ ಸುಮಾರು 4500 ವರ್ಷ ಹಳೆಯ ಮಲದ ಗಟ್ಟಿಗಳು ಸಿಕ್ಕಿವೆ (ಊಟದ ಹೊತ್ತಲ್ಲಿ ಓದ್ತಿದ್ರೆ ಕ್ಷಮಿಸಿ). 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 19ರಲ್ಲಿ 5ರೊಳಗೆ ಹುಳದ ಮೊಟ್ಟೆಗಳು. ಅದರಲ್ಲಿ ನಾಲ್ಕರಲ್ಲಿ, ಒಂದು ಮನುಷ್ಯನದು ಮೂರು ನಾಯಿಗಳದು, ಇದ್ದದ್ದು ಪ್ರಾಣಿಗಳ ಒಳಾಂಗಗಳಲ್ಲಿ ಬದುಕೋ ಜಾತಿ. ಅಂದ್ರೆ ಬಹುಶಃ ದನದ ಯಕೃತ್ತನ್ನೋ ಮತ್ತೊಂದನ್ನೋ ಸರಿಯಾಗಿ ಬೇಯಿಸದೆ ತಿಂದು, ಮಿಕ್ಕಿದ್ದನ್ನ ನಾಯಿಗೂ ಹಾಕಿದಾರೆ. ನ್ಯಾಚುರಲ್ಲೇ, ಇಲ್ಲ ಅನ್ನಲ್ಲ.

ಬಡವರ ಪಾಡು ಅಂತೀರಾ? ರಾಜನ ಕಥೆ ಕೇಳಿ. ಮೂರನೇ ರಿಚರ್ಡ್ 1485ರಲ್ಲಿ ಯುದ್ಧದಲ್ಲಿ ಸತ್ತವನು. 2012ರಲ್ಲಿ ಲೆಸ್ಟರ್‌ನ ಕಾರ್ ಪಾರ್ಕಿಂಗಿನ ಕೆಳಗೆ ಅವನ ಅಸ್ಥಿಪಂಜರ ಸಿಕ್ತು. ಕರುಳಿದ್ದ ಜಾಗದ ಮಣ್ಣಲ್ಲಿ ದುಂಡುಹುಳದ ಮೊಟ್ಟೆಗಳು! ಆದ್ರೆ ದನ, ಹಂದಿ, ಮೀನಿಂದ ಬರೋ ಲಾಡಿಹುಳದ್ದು ಒಂದೂ ಇಲ್ಲ. ಅಡುಗೆಯವರು ಮಾಂಸ ಚೆನ್ನಾಗಿ ಬೇಯಿಸ್ತಿದ್ದಿರಬಹುದು ಅಂತ ಇದಕ್ಕೆ ಅರ್ಥ. ದುಂಡುಹುಳ ಬರೋದು ಮನುಷ್ಯರ ಮಲ ಸೇರಿದ ಮಣ್ಣು, ಕೈ, ಸೊಪ್ಪುಗಳಿಂದ. ಅದಕ್ಕೆ ರಾಜನ ಡಯಟ್ ಗೊತ್ತಾಗಲ್ಲ.

ರೋಮನ್ನರಂತೂ ಸ್ನಾನಗೃಹ, ಸಾರ್ವಜನಿಕ ಕಕ್ಕಸು, ಚರಂಡಿ ಎಲ್ಲಾ ಕಟ್ಟಿದವರು. ಆದರೂ ಹುಳ ಕಮ್ಮಿ ಆಗಲಿಲ್ಲ ಅಂತ ಕೇಂಬ್ರಿಡ್ಜಿನ ಪಿಯರ್ಸ್ ಮಿಚೆಲ್ 2016ರಲ್ಲಿ ತೋರಿಸಿದರು. ಮಲವನ್ನು ಹೊಲಕ್ಕೆ ಗೊಬ್ಬರ ಹಾಕ್ತಿದ್ದದ್ದು ಒಂದು ಕಾರಣ ಇರಬಹುದಂತೆ. ಮೀನಿನ ಲಾಡಿಹುಳ ಹೆಚ್ಚಾಗಿದ್ದಕ್ಕೆ ಬೇಯಿಸದೆ ಹುಳಿಬರಿಸ್ತಿದ್ದ 'ಗಾರಮ್' ಅನ್ನೋ ಮೀನಿನ ಸಾಸ್ ಮೇಲೆ ಅವರ ಅನುಮಾನ.

ನಾನು ಪಿಜ್ಜಾ ತಿನ್ನೋನು, ಹಿಂದಿನವರ ಊಟ ಪೂರ್ತಿ ಕೆಟ್ಟದ್ದು ಅನ್ನೋ ಯೋಗ್ಯತೆ ನಂಗಿಲ್ಲ. ಆದ್ರೆ ಮಗು ತಿಂದ ಅನ್ನದಲ್ಲಿ ಪಾಲು ಕೇಳೋ ಹುಳಕ್ಕೆ, ಅದು ಆರ್ಗಾನಿಕ್ಕೋ ಅಲ್ವೋ ಅಂತ ಗೊತ್ತಾಗುತ್ತಾ?

ಮಾತ್ರೆ ತಪ್ಪಿದ ಮಕ್ಕಳಿಗೆ ಅಂತ ಇನ್ನೊಂದು ದಿನ ಇಟ್ಟಿರ್ತಾರೆ. ಆ ಚೀಟಿ ವಾಪಸ್ ತಗೊಳ್ಳೋ ಮಾರಾಯ.